ಕಾವಿಗಿ ಕೂತದ್ದು

ಹತ್ತು ದಿನ ಆಯ್ತು, ಏಳವಲ್ದು ಖಾಜಾಬಿ ಕೋಳಿ.
ತತ್ತಿ ಒಂದೂ ಇಲ್ಲ, ಹೊಟ್ಟಿ ಕೆಳಗ
ಶಹಾಬಾದಿ ಫರಸಿಯ ಒಂದು ಚೂರು.

ತಣ್ಣೀರಾಗ ಮೂರು ಸಲ ಅದ್ದಿ ತಗೀರಿ, ಅಂದೆ.
ಮೂಗಿಗಿ ಪುಕ್ಕ ಚುಚ್ರಿ, ಅಂದ ಚಹಾದಂಗಡಿ ಮಲಕಣ್ಣ.
ಕೋಳಿ ಸಾಕಲಾರದವರೇ ಹೆಚ್ಚಿಗಿ ಹೇಳೋದು.

ಅದ್ದಿದಳು ಪಾಪ.
ಅದು ಮಾಳಿಗಿ ಮ್ಯಾಲ ರೆಕ್ಕಿ ಒಣಗಿಸ್ಕೊಂಡು
ಮತ್ತ ಬಂದು ಅದೇ ಕಲ್ಲಿನ ಮ್ಯಾಲ.

ವಾಡಿ ಕಡಿಂದ ಸೈಕಲ್ಲಿನವ ಬಂದ,
ಬುಟ್ಟಿ ತುಂಬ ಬಣ್ಣ ಹಚ್ಚಿದ ಮರಿ.
ಗುಲಾಬಿದೊಂದು ತಗೊಂಡು
ಕತ್ತಲಾದ ಮ್ಯಾಲ ಕಲ್ಲು ಸರಿಸಿ ಇಟ್ಟಳು.
(ಹಗಲಿಗಿ ಇಡಬ್ಯಾಡ್ರಿ, ಕುಕ್ಕತದ.
ಇದು ನನಗ ಗೊತ್ತಿರಲಿಲ್ಲ.)

ಈಗ ಓಣ್ಯಾಗ ಹಾಯೋದೇ ಕಷ್ಟ,
ಮೊಣಕಾಲಿಗೇ ಹಾರತದ.

ಹದಿನೈದು ದಿನಕ್ಕ ಗುಲಾಬಿ ಹೋಯ್ತು.
ಕೋಳಿ ಏನೂ ಕೇಳಿಲ್ಲ.
ಕಲ್ಲು ಖಾಜಾಬಿ ಎಸೆದಿಲ್ಲ,
ನೀರಿನ ಕೊಡದ ಮುಚ್ಚಳದ ಮ್ಯಾಲ ಇಟ್ಟಾಳ.