ಹದ್ದು

ಶಿನ್‌ಚು ಊರಿನಲ್ಲಿ ಒಂಬತ್ತನೇ ತಿಂಗಳ ಗಾಳಿ
ಸ್ಕೂಟರುಗಳನ್ನು ಸಾಲಾಗಿ ಮಲಗಿಸಿದೆ.
ನಾಲ್ಕನೇ ಮಹಡಿಯಲ್ಲಿ, ರಾತ್ರಿ ಹತ್ತೂವರೆಗೆ,
ಫಾನ್ ಯುಯೆ-ಮೇ
ಒಂದು ಖಾಲಿ ಖಾನೆಯ ಮುಂದೆ ಕೂತಿದ್ದಾಳೆ.

ತೆರೆಯ ಮೇಲೆ ಸಿಗ್ನಲ್ಲು ಏಳುತ್ತದೆ.
ಸೊನ್ನೆಯಿಂದ ಒಂದು ಪಾಯಿಂಟ್ ಎಂಟಕ್ಕೆ ಹೋಗು ಅಂದರೆ
ಎರಡು ಪಾಯಿಂಟ್ ಮೂರರವರೆಗೆ ಓಡಿ, ನಾಲಗೆ ಕಚ್ಚಿಕೊಂಡು
ಇಳಿದು, ಮತ್ತೆ ಏರಿ, ಮತ್ತೆ ಇಳಿದು,
ಮದುವೆ ಮನೆಯಲ್ಲಿ ಕುರ್ಚಿ ಹುಡುಕುವವನ ಹಾಗೆ
ಅಂತೂ ಕೊನೆಗೆ ಕೂರುತ್ತದೆ.
ಕೆಳಗಿಳಿಯುವಾಗಲೂ ಅದೇ ಕತೆ:
ಸೊನ್ನೆಯ ಅಡಿಯಲ್ಲೊಂದು ನೆಲಮಾಳಿಗೆ ಉಂಟೆಂದು
ಇಣುಕಿ ನೋಡಿಯೇ ಬರುತ್ತದೆ.
ಇಷ್ಟೂ ನಡೆಯುವುದು ಎವೆ ಬಡಿತದ
ಹತ್ತು ಕೋಟಿಯಲ್ಲೊಂದು ಪಾಲಿನಲ್ಲಿ.

ಎಷ್ಟು ಮೀರಿದರೆ ಮೀರಿದ ಹಾಗೆ?
ಮಾದರಿಯ ಕಡತದಲ್ಲಿ ಅದನ್ನು ಬರೆದಿಡಬೇಕು.
ಎಲ್ಲಿಯವನೋ ಒಬ್ಬ, ಬೋರ್ಡು ಮಾಡಿಸುವ ಮುನ್ನ
ಸಿಮ್ಯುಲೇಷನ್ ಓಡಿಸಿದರೆ,
ಇಕೋ ಇಲ್ಲಿ ಎಂದು ಗೆರೆ ಕೆಂಪಾಗಬೇಕು.
ಖಾನೆ ಖಾಲಿ ಬಿಟ್ಟರೆ ಏನೂ ಕೆಂಪಾಗುವುದಿಲ್ಲ.
ಮೌನವನ್ನು ಅವನು ಒಪ್ಪಿಗೆ ಅಂದುಕೊಳ್ಳುತ್ತಾನೆ.

(ನನ್ನ ಭಾಷೆಯಲ್ಲಿ ಗಡಿಗೂ ಹದ್ದೆನ್ನುತ್ತಾರೆ,
ಆಕಾಶದಲ್ಲಿ ಸುತ್ತುವ ಹಕ್ಕಿಗೂ.
ಗೆರೆಗೆ ರೆಕ್ಕೆ ಇರುವುದು ನನಗೇನೂ ವಿಚಿತ್ರವಲ್ಲ.
ಅವಳ ಭಾಷೆಯಲ್ಲಿ ಹೇಗೋ, ಕೇಳಿಲ್ಲ.)

ಕರೆಯಲ್ಲಿ ಏಳು ಜನ. ಹಂಗೇರಿಯ ಜೊಂಬೋರ್‌ಗೆ ಇನ್ನೂ ಬಿಸಿಲು;
ಚಮಚ ಲೋಟಕ್ಕೆ ತಾಗುವುದು ಇಲ್ಲಿಗೂ ಕೇಳುತ್ತದೆ.
"ಎರಡು ಗೆರೆ ಸಾಕು," ಅನ್ನುತ್ತಾನೆ,
"ಒಂದು, ಎಷ್ಟು ಹೊತ್ತಾದರೂ ನಿಲ್ಲಬಹುದಾದ ಎತ್ತರ.
ಇನ್ನೊಂದು ಅದರ ಮೇಲೆ, ಗಳಿಗೆ ಮಾತ್ರ."
"ಗಳಿಗೆ ಅಂದರೆ?"
"ಒಂದು ನ್ಯಾನೋಸೆಕೆಂಡು."
"ಒಂದು ಸಲಕ್ಕೋ, ಜೀವಮಾನಕ್ಕೋ?"
ಚಮಚ ನಿಲ್ಲುತ್ತದೆ.

ಪ್ರಶ್ನೆ ಅವಳದಲ್ಲ, ನೆಲಮಹಡಿಯದು.
ಅಲ್ಲಿ ಝೊಂಗ್ ಚಿನ್-ಫಾ ಇಪ್ಪತ್ತೆರಡು ವರ್ಷದಿಂದ
ಆಸಿಡ್ಡು ಹನಿಸಿ ಸತ್ತ ಚಿಪ್ಪುಗಳನ್ನು ತೆರೆಯುತ್ತಾನೆ.
ಮುತ್ತಿಗಾಗಿ ಅಲ್ಲ.
ಬೆರಳ ತುದಿ ಹಳದಿ, ಮಾತು ಕಡಿಮೆ,
ಮೇಜಿನ ಮೇಲೆ ಅವಳೇ ತಂದುಕೊಟ್ಟ ಒಣ ಪರ್ಸಿಮನ್ ಹಣ್ಣು,
ಅರ್ಧ ತಿಂದದ್ದು.
ಸೂಕ್ಷ್ಮದರ್ಶಕವನ್ನು ಅವಳತ್ತ ತಿರುಗಿಸಿದ:
ತೆಳು ಪೊರೆಯಲ್ಲಿ ಒಂದು ತೂತು.
ಸೂಜಿಮೊನೆಯೂ ಅದರೆದುರು ಒನಕೆ.
"ಇದು ಸಿಡಿಲು ಹೊಡೆದದ್ದಲ್ಲ," ಅಂದ.
"ದಿನಾ ತಟ್ಟಿದ ಬಾಗಿಲು."

ಹನಿಗೂಡಿದರೆ ಹಳ್ಳ; ಕಿಡಿಗೂಡಿದರೆ
ಅವನ ಟ್ರೇ. ಚೀಟಿ ಅಂಟಿಸಿದ ನೂರಾರು ಪುಟ್ಟ ಹೆಣ.
ಪ್ರತಿ ಅಂಕಿಯೂ ಅಲ್ಲಿಂದಲೇ ಮೇಲೆ ಬರುವುದು,
ಲಿಫ್ಟಿನಲ್ಲಿ, ಕೈತೊಳೆದುಕೊಂಡು,
ದಶಮಾಂಶದ ಬಿಂದು ಹಣೆಗಿಟ್ಟುಕೊಂಡು.

ಸಲಗಳನ್ನು ಕೂಡಿಸುವ ಮಾತು ಮುಂದಿನ ಆವೃತ್ತಿಗೆ ಹೋಯಿತು.
ಯಾರೂ ಬೇಡ ಅನ್ನಲಿಲ್ಲ. ಹೊತ್ತಾಗಿತ್ತು, ಅಷ್ಟೆ.
ಜೊಂಬೋರ್ ಮಾತ್ರ ಕರೆ ಮುಗಿದ ಮೇಲೂ ಉಳಿದು
"ನೀನು ಹೇಳಿದ್ದು ಸರಿ" ಅಂದ, ದಾಖಲೆಗೆ ಸಿಗದಂತೆ.

ಅವಳು ತುಂಬಿದಳು: ಎರಡು ಪಾಯಿಂಟ್ ಒಂದು.
ಅದರ ಮೇಲಿನದಕ್ಕೆ ಎರಡೂವರೆ.
ಹೊತ್ತಿನ ಖಾನೆಯಲ್ಲಿ ಒಂದು ಎಂದು ಬರೆದು, ಅಳಿಸಿ,
ಸೊನ್ನೆ ಪಾಯಿಂಟ್ ಆರು.
ಆಮೇಲೆ ಒಂದು ನೆಟ್ಟನೆ ಗೀಟು ಎಳೆದು,
ಯಂತ್ರ ಓದದೆ ಹಾರಿಹೋಗುವ ಆ ಸಾಲಿನಲ್ಲಿ,
ಓದುವವರು ಯಾರಾದರೂ ಇದ್ದರೆ ಇರಲಿ ಎಂದು:
"ಇದು ಒಂದು ಸಲದ ಲೆಕ್ಕ. ಸಲಗಳನ್ನು ನೀವೇ ಎಣಿಸಿಕೊಳ್ಳಿ."

ಹನ್ನೊಂದೂಕಾಲಿಗೆ ಮಲಗಿದ್ದ ಸ್ಕೂಟರು ಎಬ್ಬಿಸಿ ಹೊರಟಳು.
ಗಾಳಿ ಬೆನ್ನಿಗೆ. ಗುವಾಂಗ್‌ಫು ರಸ್ತೆಯ ತಿರುವಿನಲ್ಲಿ ಕೆಂಪು ದೀಪ;
ಬ್ರೇಕು ಹಿಡಿದರೂ ಮುಂದಿನ ಚಕ್ರ
ಬಿಳಿಗೆರೆಯ ಆಚೆ ಒಂದು ಗೇಣು ಹೋಯಿತು.
ಖಾಲಿ ರಸ್ತೆ. ಒಂದು ನಾಯಿ ನೋಡಿತು.
ಕಾಲೂರಿ ಹಿಂದಕ್ಕೆ ತಳ್ಳಿಕೊಂಡಳು, ತುಸು ಹೆಚ್ಚೇ ಹಿಂದಾಯಿತು,
ಮತ್ತೆ ಬೆರಳಷ್ಟು ಮುಂದೆ.
ದೀಪ ಹಸಿರಾದಾಗ
ಇನ್ನೂ ಸರಿಮಾಡಿಕೊಳ್ಳುತ್ತಲೇ ಇದ್ದಳು.