ಹಿಂದಿನ ಸಾಲು

ಏಳನೇ ಕ್ಲಾಸಿನ ಬೆಂಚುಗಳನ್ನು ಗೋಡೆಗೆ ಒತ್ತಿ
ಜಮಖಾನ ಹಾಸಿದ್ದಾರೆ. ಕರಿಹಲಗೆಯಲ್ಲಿ
ಭಿನ್ನರಾಶಿಯ ಲೆಕ್ಕ ಅರ್ಧ ಒರೆಸಿ
ಅದರ ಮೇಲೇ ಚಾಕ್‌ಪೀಸಿನ ಅಕ್ಷರ:
ಬೇಸಿಗೆ ಸಂಗೀತ ಶಿಬಿರ, ಉರ್ವ. ಹತ್ತು ದಿನ.
ಕುಡಿಯುವ ನೀರು ನೀವೇ ತರತಕ್ಕದ್ದು.

ನಲವತ್ತೆರಡು ಮಕ್ಕಳು, ಮತ್ತು ನಾನು.
ಹೆಸರು ಬರೆದುಕೊಳ್ಳುವ ಹುಡುಗಿ ಕೇಳಿದಳು,
"ಮಗುವಿನ ಹೆಸರು?"
ಜೆಸಿಂತಾ ಡಿಮೆಲ್ಲೊ ಎಂದೆ. "ವಯಸ್ಸು?"
ಐವತ್ತಮೂರು ಎಂದೆ. ಪೆನ್ನು ನಿಂತಿತು.

ಮೂವತ್ತು ವರ್ಷ ಇಗರ್ಜಿಯ ಮಾಳಿಗೆಯಲ್ಲಿ
ಮೇಲಿನ ದನಿ ನನ್ನದು. ಕ್ರಿಸ್ಮಸ್ಸಿನ ನಡುರಾತ್ರಿ
ಆ ಕೊನೆಯ ಮೆಟ್ಟಿಲಿಗೆ ಬೇರೆ ಯಾರೂ ಇರಲಿಲ್ಲ.
ಆಮೇಲೆ ಥೈರಾಯ್ಡು, ಕತ್ತಿಗೆ ಕತ್ತರಿ,
ಸರದ ಕೆಳಗೆ ಇನ್ನೊಂದು ಸರ, ಹೊಲಿಗೆಯದು.
ಮೇಲಿನ ಮೂರು ಸ್ವರ ಎಲ್ಲಿ ಹೋದವೋ
ಡಾಕ್ಟರರ ಚೀಟಿಯಲ್ಲಿ ಬರೆದಿರಲಿಲ್ಲ.

ಹೊಳ್ಳ ಮಾಷ್ಟ್ರು ಕೇಳಿಸಿಕೊಂಡರು.
"ಆ ಹಾಳೆ ಮಡಚಿ ಚೀಲದಲ್ಲಿಡಿ ಬಾಯಮ್ಮ,
ಇಲ್ಲಿ ನೋಡಿ ಹಾಡಲಿಕ್ಕಿಲ್ಲ.
ಷಡ್ಜ ಹಿಡೀರಿ, ಕೆಳಗೆ ಹೋಗುವ.
ಮೇಲೆ ಏನುಂಟು? ಬಿಸಿಲು."
ಮತ್ತೆ ಹಿಂದಿನ ಸಾಲು ತೋರಿಸಿದರು.

ಅಲ್ಲಿ ಆಗಲೇ ಒಬ್ಬ, ಮೊಣಕಾಲಿಗೆ ಗಲ್ಲ ಊರಿ:
ತನುಷ್ ಮೆಂಡನ್, ತಣ್ಣೀರುಬಾವಿ, ಒಂಬತ್ತು ಮುಗಿದು ಹತ್ತು.
ಹೋದ ವರ್ಷ ಇದೇ ಜಮಖಾನದ ಮೇಲೆ
ತಾರಷಡ್ಜದ ತುದಿಗೆ ಗಾಳಿಪಟ ಕಟ್ಟಿದವನಂತೆ.
ಈ ವರ್ಷ ತುಟಿಯ ಮೇಲೆ ಕಪ್ಪು ಗೆರೆ.
ಬಾಯಿ ತೆರೆದರೆ ಒಂದೇ ಗಂಟಲಿನಿಂದ ಇಬ್ಬರು
ಒಟ್ಟಿಗೆ ಬಾಗಿಲು ದಾಟಲು ಹೋಗಿ ಸಿಕ್ಕಿಕೊಳ್ಳುತ್ತಾರೆ.
ಮುಂದಿನ ಸಾಲು ನಗುತ್ತದೆ. ನಗುವೂ ಶ್ರುತಿಯಲ್ಲೇ.

ಎಂಟು ದಿನ ನಾವಿಬ್ಬರೂ ಬರೀ ತಾಳ ಹಾಕಿದೆವು.
ಅವನ ಬೆರಳಿಗೆ ತಪ್ಪು ಗೊತ್ತಿಲ್ಲ.
ನನ್ನ ಕಿರುಬೆರಳು, ಗಂಟುನೋವಿನದು, ಅರ್ಧ ಎಣಿಕೆ ತಡ.
ಹತ್ತೂವರೆಗೆ ಪುನರ್ಪುಳಿ ಶರಬತ್ತು.
ಲೋಟ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ, ಮಾತಿಲ್ಲ.
ಮಾತಾಡಿದರೆ ದನಿ ಕೇಳಿಸುತ್ತದಲ್ಲ.

ಒಂಬತ್ತನೇ ದಿನ, ಮಾಯಾಮಾಳವಗೌಳದ ನಡುವೆ, ಕರೆಂಟು ಹೋಯಿತು.
ಫ್ಯಾನು ಉಸಿರು ಬಿಟ್ಟಿತು. ಶ್ರುತಿಪೆಟ್ಟಿಗೆ ಸುಮ್ಮನಾಯಿತು.
ಮಾಷ್ಟ್ರು ಕೈ ಬೀಸಿದರು, ನಿಲ್ಲಿಸಬೇಡಿ ಎಂದು.
ಹಾಡಿದೆವು. ಬೆವರು ಕಣ್ಣಿಗಿಳಿಯಿತು. ಹೊರಗೆ
ಮೀನಿನವನ ಹಾರ್ನು, ಕಂಡಕ್ಟರನ ಸೀಟಿ,
ಒಬ್ಬೊಬ್ಬರೂ ಒಂದೊಂದು ಷಡ್ಜ ಕೊಟ್ಟು ಕರೆದರು.
ಹತ್ತು ನಿಮಿಷ.
ಕರೆಂಟು ಬಂದಾಗ ಪೆಟ್ಟಿಗೆ
ತನ್ನ ಹಳೇ ಜಾಗದಲ್ಲೇ ಕೂತು ಗುಂಯ್ ಎಂದಿತು.
ನಾವೆಲ್ಲ ಎಲ್ಲೋ.
"ಉರ್ವಕ್ಕೆ ಟಿಕೆಟ್ ತೆಗೆದು ಸುರತ್ಕಲ್ಲಿಗೆ ಮುಟ್ಟಿದ್ದೀರಿ!"
ಮಾಷ್ಟ್ರು ಹೊಟ್ಟೆ ಹಿಡಿದು ನಕ್ಕರು.
ನಾನೂ ಸುರತ್ಕಲ್ಲಿನಲ್ಲೇ ಇದ್ದೆ,
ಮೂವತ್ತು ವರ್ಷದ ಅನುಭವ ಸಮೇತ.

ಆಗ ಕೇಳಿತು. ಎಡಗಡೆ, ಕೆಳಗೆ,
ಬಾವಿಯ ತಳಕ್ಕೆ ಕೊಡ ತಾಗಿದ ಹಾಗೆ
ಒಂದು ಷಡ್ಜ.
ಒರಟು, ಇನ್ನೂ ಮಣ್ಣು ಮೆತ್ತಿದ್ದು, ಅಲುಗದ್ದು.
ಹುಡುಗ ಕಣ್ಣು ಮುಚ್ಚಿದ್ದ. ಕರೆಂಟು ಬಂದದ್ದಾಗಲಿ
ಉಳಿದವರು ನಿಲ್ಲಿಸಿದ್ದಾಗಲಿ ಗೊತ್ತಿರಲಿಲ್ಲ.
ಕಣ್ಣು ಬಿಟ್ಟವನು ಎಲ್ಲರ ಕಣ್ಣು ಕಂಡು
ಬಾಯಿಗೆ ಕೈ ಒತ್ತಿಕೊಂಡ,
ಬೇರೆಯವರ ಮನೆಯಲ್ಲಿ ಸಿಕ್ಕಿಬಿದ್ದವನಂತೆ.

ಮಾಷ್ಟ್ರು ಹೊಗಳಲಿಲ್ಲ. "ಮುಂದಿನ ವರಸೆ" ಎಂದರಷ್ಟೆ.
ಆದರೆ ಅವರ ತೊಡೆಯ ಮೇಲಿನ ತಾಳ
ಒಂದು ಪೆಟ್ಟು ತಪ್ಪಿತ್ತು.

ಮರುದಿನ ಮುಂಜಾನೆ ಅಡುಗೆಮನೆಯ ಕತ್ತಲಲ್ಲಿ
ಮಂದ್ರದ ಪಂಚಮ ಹುಡುಕುತ್ತಿದ್ದೆ.
ಗಂಡ ಎದ್ದು ಬಂದು ಫ್ರಿಜ್ಜಿಗೆ ಕಿವಿಯಿಟ್ಟ.

ಸಮಾರೋಪ. ಅಪ್ಪ ಅಮ್ಮಂದಿರ ಮೊಬೈಲು, ಮೈಕಿನ ಕಿರುಚು.
ಮೇಲಿನ ಷಡ್ಜ ಬಂದಾಗ ಬರೀ ತುಟಿ ಆಡಿಸಿದೆ.
ಪ್ರಮಾಣಪತ್ರದಲ್ಲಿ ಮೊದಲೇ ಅಚ್ಚಾಗಿತ್ತು: ಕುಮಾರಿ.
ಹೊಡೆದುಹಾಕಲು ಯಾರಿಗೂ ನೆನಪಾಗಲಿಲ್ಲ, ನನಗೂ.

ಸಂಜೆ ಲೇಡಿಹಿಲ್ ಸ್ಟಾಪಿನಲ್ಲಿ
ಬಗ್ಗಿ ಚಪ್ಪಲಿಯ ಬಾರು ಸರಿಮಾಡುತ್ತಿದ್ದೆ.
"ನಿಮ್ಮ ಬಸ್ಸು ಬಂತು."
ಯಾರೋ ದೊಡ್ಡವರು ಎಂದು
ಸೆರಗು ಎಳೆದುಕೊಂಡು ತಿರುಗಿ ನೋಡಿದೆ.