ಹೆಜ್ಜೆ ಲೆಕ್ಕ

ಫೋನಿನಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ:
"ಅಕ್ಕಾರ, ಮನಿಯಿಂದ ಸಮುದ್ರ ಎಷ್ಟ್ ದೂರ ಐತ್ರಿ?"
ಕಮೋಡು ಇದೆಯೇ, ಕಾರಿಗೆ ನೆರಳಿದೆಯೇ,
ಅವೆಲ್ಲ ಆಮೇಲೆ.

ಹತ್ತಿರ, ಅನ್ನುತ್ತೇನೆ. ಮಲಗಿದರೆ ಕಿವಿಯ ಬುಡದಲ್ಲೇ.
ಆಚೆಯ ದನಿ ಹಿಗ್ಗುತ್ತದೆ.
ದಿನಕ್ಕೆ ಇನ್ನೂರು ಹೆಚ್ಚಿಗೆ ಹೇಳಿದರೂ
ಹಾರವಾಡದ ಈ ಹಂಚಿನ ಮನೆಗೆ
ಯಾರೂ ಚೌಕಾಸಿ ಮಾಡುವುದಿಲ್ಲ.

ಏಪ್ರಿಲ್ ನಡುವಿಗೆ ನಾವು ಮನೆ ಬಿಡುತ್ತೇವೆ.
ಬಿಡುವುದೆಂದರೆ ದೂರವೇನಲ್ಲ, ಹಿತ್ತಿಲಿಗೆ,
ಬಲೆ ಇಡುವ ಮಾಡಿಗೆ, ಕಡಲಿನ ಬದಿಗೆ.
ದೇವರ ಪಟ ಅಲ್ಲೇ ಇರಲಿ, ಅವರಿಗೂ ಬೇಕಲ್ಲ.
ಮದುವೆಯ ಫೋಟೋ ಮಾತ್ರ ನನ್ನ ಸಂಗಡ.
ಅದು ಇದ್ದಲ್ಲಿ ಗೋಡೆಯ ಮೇಲೊಂದು ಬಿಳಿ ಚೌಕ;
ಅದರ ಮೇಲೆ ಕ್ಯಾಲೆಂಡರ್ ತೂಗುಹಾಕುತ್ತೇನೆ.
ರಾತ್ರಿ ನಮ್ಮದೇ ಫ್ಯಾನು ಗೋಡೆಯಾಚೆ
ಬೇರೆಯವರಿಗಾಗಿ ಕಿರುಗುಡುತ್ತದೆ.

ಈ ಸಲ ಹುಬ್ಬಳ್ಳಿಯ ಮುಳಗುಂದರ ಪಾರ್ಟಿ, ಎಂಟು ದಿನ.
ಅರಬೈಲು ಘಟ್ಟದ ತಿರುವುಗಳನ್ನೆಲ್ಲ ಕಕ್ಕಿಕೊಂಡು
ಬಾಡಿದ ಮುಖ ಹೊತ್ತು ಇಳಿದರು.
ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಸ್ವಂತ ಕುಕ್ಕರು.
"ತಪ್ಪ ತಿಳ್ಕೋಬ್ಯಾಡ್ರಿ, ನಾವು ಮೀನ ಮುಟ್ಟಂಗಿಲ್ಲ."
ಪಾತ್ರೆಗಳನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದ್ದೆ.
ಆದರೂ ನಾನು ಹಿತ್ತಿಲಲ್ಲಿ ಹುರಿದ ಬಂಗಡೆಯನ್ನು
ಸಂಜೆಯ ಗಾಳಿ ಎತ್ತಿಕೊಂಡು ಹೋಗಿ
ಅವರ ನಡುಮನೆಯಲ್ಲಿ ಇಟ್ಟಿತು.
ಗಾಳಿ ಕರಾರಿಗೆ ಸಹಿ ಹಾಕಿರಲಿಲ್ಲ.
ಅವರೇನೂ ಅನ್ನಲಿಲ್ಲ. ಮಾರನೆಯ ದಿನ
ನಾಲ್ಕು ಕರಿ ಇಶಾಡು ಹಣ್ಣು ಕೊಟ್ಟುಬಂದೆ.

ಮಾವನದೊಂದು ಪಟ್ಟಿಯಿದೆ, ಇನ್ನೂರು ಪುಟದ್ದು.
ಮೊದಲ ಬಾಡಿಗೆ ಗದಗಿನ ಕಂಪೌಂಡರ್ ಒಬ್ಬರದು,
ವಾರಕ್ಕೆ ಮುನ್ನೂರೈವತ್ತು.
ಪಕ್ಕದಲ್ಲಿ, ಯಾಕೆ ಬರೆದರೋ,
"ಹಿತ್ತಿಲ ಬಾಗಿಲಿನಿಂದ ಭರತದ ನೀರಿಗೆ, ಹೆಜ್ಜೆ ೨೧೪."
ಅಲ್ಲಿಂದ ವರ್ಷಕ್ಕೆ ಎರಡು ಅಂಕಿ.
ಒಂದು ಏರುತ್ತದೆ, ಒಂದು ಇಳಿಯುತ್ತದೆ.
೧೯೦. ೧೭೭.
ನಾನು ಮದುವೆಯಾಗಿ ಬಂದ ವರ್ಷ ೧೫೨.
ಗಾಳಿಮರದ ಸಾಲು ಬೇರು ಸಹಿತ ಮಲಗಿದ ವರ್ಷ ೧೧೮.
ಮಾವ ಹೋದ ವರ್ಷ ಖಾಲಿ.
ಆಮೇಲಿನದು ಇವರ ಅಕ್ಷರ, ಇವರ ಕಾಲು.
ಇವರದು ತುಸು ಉದ್ದನೆಯ ಕಾಲು,
ಅಷ್ಟನ್ನು ಕಳೆದು ನೋಡಿದರೂ ಲೆಕ್ಕ ಸಮಾಧಾನ ಕೊಡದು.
ಟಿಪ್ಪರಿನಲ್ಲಿ ಕಲ್ಲು ತಂದು ಸುರಿದರು ಎರಡು ಬೇಸಿಗೆ;
ಆಷಾಢ ಒಂದೊಂದೇ ಎತ್ತಿ ಒಳಗಿಟ್ಟುಕೊಂಡಿತು.
ಬಾವಿಗೆ ಈಗ ಉಪ್ಪು. ಕುಡಿಯಲು ಕ್ಯಾನಿನ ನೀರು,
ಅದರ ದುಡ್ಡು ಬಾಡಿಗೆಯಲ್ಲೇ ಸೇರಿದೆ ಅಂದಾಗ
"ಭಾಳ ಅನುಕೂಲ ಮಾಡೀರಿ" ಅಂದರು ಮುಳಗುಂದರ ಹೆಂಡತಿ.

ಕಡಲು ಹತ್ತಿರ ಬಂದಷ್ಟೂ ಮನೆಗೆ ಬೆಲೆ.
"ಹೊಸಿಲಿಗೇ ಬಂದ ದಿನ ಎಷ್ಟು ಕೇಳುವಾ?"
ಇವರು ಕೇಳಿ ನಕ್ಕರು.
ನಾನೂ ನಕ್ಕೆ, ತಡವಾಗಿ.

ಅವರ ಮೊಮ್ಮಗಳು ಇಂಚರಾ. ಆರು ವರ್ಷ,
ಮುಂದಿನ ಎರಡು ಹಲ್ಲಿಲ್ಲ.
ಮೂರನೆಯ ಬೆಳಿಗ್ಗೆ ನೋಡುತ್ತೇನೆ,
ಹಿತ್ತಿಲ ಬಾಗಿಲಿನಿಂದ ಎಣಿಸುತ್ತ ಹೊರಟಿದ್ದಾಳೆ.
ಯಾರು ಹೇಳಿಕೊಟ್ಟರು?
ನಲವತ್ತರ ನಂತರ ತಪ್ಪಿ, ಮರಳಿ ಬಂದು,
ಬಾಗಿಲು ಮುಟ್ಟಿ, ಮತ್ತೆ ಒಂದರಿಂದ.
ಪಾದಕ್ಕೆ ನೊರೆ ತಾಗಿದ್ದೇ ಕೂಗಿದಳು:
"ಆಂಟೀ, ನೂರಾ ಮೂವತ್ತೊಂದು!"

ಇಳಿತದ ಹೊತ್ತು. ಅಂಗೈಯಗಲದ ಪಾದ.
ಎರಡನ್ನೂ ಅವಳಿಗೆ ಹೇಳಲಿಲ್ಲ.
ಮಾಡಿಗೆ ಬಂದು ಪಟ್ಟಿ ಬಿಡಿಸಿ
ಈ ವರ್ಷದ ಸಾಲಿನಲ್ಲಿ ಬರೆದೆ: ೧೩೧.

ರಾತ್ರಿ ಬಾಡಿಗೆ ಬರೆಯಲು ಕೂತ ಇವರು
ಆ ಅಂಕಿಯ ಮೇಲೆ ಬೆರಳಿಟ್ಟು ತುಸು ಹೊತ್ತು ಸುಮ್ಮನಿದ್ದರು.
ನನ್ನ ಅಕ್ಷರ ಇವರಿಗೆ ಗೊತ್ತು.
"ಮುಂದಿನ ವರ್ಷವೂ ಬರುತ್ತಾರಂತೋ?"
ಬರುತ್ತಾರಂತೆ. ಈಗಲೇ ಅಡ್ವಾನ್ಸ್ ಕೊಡುತ್ತೇನೆ ಅಂದರು.
"ತಗೊಂಡ್ಯಾ?"
ಇಲ್ಲ, ಅಂದೆ.

ಪಟ್ಟಿ ಮುಚ್ಚಿ ತಲೆದಿಂಬಿನ ಕೆಳಗೆ ಸರಿಸಿ,
"ತಗೊಳ್ಳಬೇಕಿತ್ತು" ಅಂದರು.